ಗಾಳಿಗಾಗಿ ಬಿಟ್ಟ ಜಾಗ, ಪಾಲಿಕೆಯ ಖರ್ಚು: ಪಶ್ಚಿಮ ಬೆಂಗಳೂರಿನ ಉದ್ಯಾನಗಳ ಒಡೆತನ ಕುರಿತು

ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಬಿ.ಎಸ್. ಮುದ್ದಪ್ಪ ಅವರ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1991ರ ಜುಲೈ 19ರಂದು ಕೊಟ್ಟ ತೀರ್ಪನ್ನು ಉಲ್ಲೇಖಿಸುವವರಲ್ಲಿ ಬಹುಪಾಲು ಮಂದಿ ಒಂದೇ ಕಡೆ ಬಂದು ನಿಲ್ಲುತ್ತಾರೆ. ಅದು ನ್ಯಾಯಮೂರ್ತಿ ಆರ್.ಎಂ. ಸಹಾಯ್ ಬರೆದ ಸಹಮತದ ತೀರ್ಪಿನ ಭಾಗ. ಸಾರ್ವಜನಿಕ ಉದ್ಯಾನವೆಂಬುದು ಹತ್ತೊಂಬತ್ತು ಮತ್ತು ಇಪ್ಪತ್ತನೆಯ ಶತಮಾನಗಳ ಸಮಾನತೆಯ ಕಲ್ಪನೆಯೊಂದಿಗೆ ಬೆಳೆದು ಬಂದದ್ದು, ಅದಕ್ಕೂ ಮುಂಚೆ ಅದು ಶ್ರೀಮಂತರ ಮತ್ತು ಅರಸು ಮನೆತನಗಳ ಸೊತ್ತಾಗಿತ್ತು ಎಂಬುದು ಅಲ್ಲಿನ ತಿರುಳು. ಕಾನೂನಿನ ಪಠ್ಯಗಳು ಇದನ್ನು ಇತಿಹಾಸವೆಂದೇ ಒಪ್ಪಿ ಮುಂದೆ ಸಾಗಿವೆ. ಲಾಲ್‌ಬಾಗಿಗೆ ಈ ಮಾತು ಸಲ್ಲಬಹುದು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗೆ ಸಲ್ಲುವುದಿಲ್ಲ. ಅಲ್ಲಿನ ಒಂದು ಉದ್ಯಾನವೂ ಯಾವ ಅರಸನ ವಿಹಾರವನವೂ ಆಗಿರಲಿಲ್ಲ. ಅವುಗಳ ಹುಟ್ಟು ಬೇರೆ, ಒಡೆತನದ ಆಧಾರವೂ ಬೇರೆ. ಆ ಆಧಾರ ಇರುವುದು ಅದೇ ಮೊಕದ್ದಮೆಯಲ್ಲಿ ನ್ಯಾಯಾಲಯದ ಮುಂದಿದ್ದ, ನಮ್ಮ ಬರಹಗಾರರು ದಾಟಿ ಹೋಗುವ ಒಂದು ಕಲಮಿನಲ್ಲಿ.

ಮೊಕದ್ದಮೆಯ ವಿವರ ಎಲ್ಲರಿಗೂ ಗೊತ್ತಿರುವುದೇ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಅಂದರೆ ಈಗಿನ ಸದಾಶಿವನಗರದಲ್ಲಿ, ಉದ್ಯಾನಕ್ಕೆಂದು ಕಾದಿರಿಸಿದ್ದ ಬಯಲನ್ನು ಖಾಸಗಿ ಆಸ್ಪತ್ರೆಗೆ ಕೊಡಲು 1976ರ ಮೇ ಮತ್ತು ಜೂನ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಅದರಂತೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಜಾಗ ಹಂಚಿತು. ನಿವಾಸಿಗಳ ಅರ್ಜಿಯನ್ನು ಹೈಕೋರ್ಟಿನ ಏಕಸದಸ್ಯ ಪೀಠ ತಳ್ಳಿಹಾಕಿತು, ವಿಭಾಗೀಯ ಪೀಠ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟು ವಿಭಾಗೀಯ ಪೀಠದ ಜೊತೆ ನಿಂತಿತು. ಪ್ರಮುಖ ತೀರ್ಪು ನ್ಯಾಯಮೂರ್ತಿ ಟಿ.ಕೆ. ತೊಮ್ಮೆನ್ ಅವರದು. (ಈ ತೀರ್ಪಿನ ಕೀರ್ತಿಯೆಲ್ಲ ಸಹಾಯ್ ಅವರ ಪಾಲಿಗೆ ಹೋದದ್ದು ನನ್ನ ಮಟ್ಟಿಗೆ ಅನ್ಯಾಯ. ಕಾಯ್ದೆಯ ಒಂದೊಂದು ಕಲಮನ್ನೂ ಕೂಡಿಸಿ ವಾದ ಕಟ್ಟಿದವರು ತೊಮ್ಮೆನ್.)

ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ 1975ರ ಡಿಸೆಂಬರ್ 20ರಿಂದ ಜಾರಿಗೆ ಬಂದಂತೆ ಎಣಿಸಲ್ಪಟ್ಟದ್ದು. ಅದರ 30ನೇ ಕಲಂ ನೋಡೋಣ. ಮೊದಲ ಭಾಗ ಬೀದಿಗಳ ಕುರಿತದ್ದು. ಎರಡನೆಯ ಉಪಕಲಮಿನ ಸಾರ ಇಷ್ಟು: ಮಂಜೂರಾದ ಯೋಜನೆಯೊಂದರ ಭಾಗವಾಗಿ ಗಾಳಿಯ ಓಡಾಟಕ್ಕೆಂದು ಕಾದಿರಿಸಿದ ಯಾವುದೇ ತೆರೆದ ಜಾಗವನ್ನು, ಸರ್ಕಾರ ಅಧಿಸೂಚಿಸಿದ ಉದ್ಯಾನ ಮತ್ತು ಆಟದ ಬಯಲುಗಳೂ ಸೇರಿದಂತೆ, ಯೋಜನೆ ಮುಗಿದ ಮೇಲೆ ಪಾಲಿಕೆಗೋ ಪುರಸಭೆಗೋ ಅದರದೇ ಖರ್ಚಿನಲ್ಲಿ ನಿರ್ವಹಿಸಲು ವರ್ಗಾಯಿಸಬೇಕು. ವರ್ಗವಾದ ಕೂಡಲೇ ಆ ಜಾಗ ಆ ಸಂಸ್ಥೆಯಲ್ಲಿ ನಿಹಿತವಾಗುತ್ತದೆ.

ಇಲ್ಲಿನ ಅನುಕ್ರಮ ಗಮನಿಸಬೇಕು. ಮೊದಲು ಒಡೆತನ ಕೊಟ್ಟು ಆಮೇಲೆ ನಿರ್ವಹಣೆಯ ಹೊಣೆ ಹೊರಿಸುವುದು ಆಸ್ತಿ ವರ್ಗಾವಣೆಯ ಸಾಮಾನ್ಯ ಕ್ರಮ. ಈ ಕಲಂ ಅದನ್ನು ತಿರುಗಿಸಿದೆ. ನಿರ್ವಹಣೆಗೆಂದು ವರ್ಗಾವಣೆ, ವರ್ಗಾವಣೆಯಿಂದ ಒಡೆತನ. ಅಂದರೆ ತೆರಿಗೆಯ ಹಣದಿಂದ ಆ ಜಾಗವನ್ನು ನೋಡಿಕೊಳ್ಳುವ ಹೊಣೆಯೇ ಪಾಲಿಕೆಯ ಹಕ್ಕಿನ ಬೇರು. ಉದ್ಯಾನದ ಕಳೆ ಕೀಳುವ, ಬೇಲಿ ಹಾಕುವ, ನೀರು ಬಿಡುವ ಖರ್ಚನ್ನು ಆಡಳಿತದ ಚಿಲ್ಲರೆ ಲೆಕ್ಕವೆಂದು ಬದಿಗೆ ಸರಿಸಿದವರು ಈ ಕಲಮನ್ನು ಓದಿಲ್ಲ, ಇಲ್ಲವೇ ಓದಿ ಅರ್ಥ ಮಾಡಿಕೊಂಡಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ಒಂದು, ಕಲಂ ಹೇಳುವುದು ಸರ್ಕಾರ ಅಧಿಸೂಚಿಸಿದ ಉದ್ಯಾನಗಳನ್ನು ಮಾತ್ರ, ಅಧಿಸೂಚನೆಯಿಲ್ಲದ ಜಾಗ ಪ್ರಾಧಿಕಾರದ ಮರ್ಜಿಗೆ ಬಿಟ್ಟದ್ದು ಎನ್ನುವುದು. ಈ ಓದು ನಿಲ್ಲುವುದಿಲ್ಲ. ಅಧಿಸೂಚನೆಯ ಷರತ್ತು ಅಂಟಿಕೊಂಡಿರುವುದು ಒಳಗೆ ಸೇರಿಸಿದ ಉದ್ಯಾನ, ಆಟದ ಬಯಲುಗಳಿಗೆ. ಹೊರಗಿನ ದೊಡ್ಡ ವರ್ಗ ತೆರೆದ ಜಾಗ. ಅದಕ್ಕಿರುವುದು ಒಂದೇ ಷರತ್ತು: ಮಂಜೂರಾದ ಯೋಜನೆಯಲ್ಲಿ ಗಾಳಿಗೆಂದು ಕಾದಿರಿಸಿರಬೇಕು. ಅಧಿಸೂಚನೆ ಮರೆತ ಗುಮಾಸ್ತನ ಮರೆವಿನಿಂದ ಬಡಾವಣೆಯ ಬಯಲು ಬಯಲಾಗಿ ಉಳಿಯುವ ಹಕ್ಕನ್ನು ಕಳೆದುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪ ಗಟ್ಟಿ, ಅದನ್ನು ಗೌರವದಿಂದಲೇ ಎದುರಿಸಬೇಕು. ಯೋಜನೆ ಮುಗಿಯುವ ತನಕ ವರ್ಗಾವಣೆಯಿಲ್ಲ, ಹಾಗಾಗಿ ಅಲ್ಲಿಯವರೆಗೆ ಪ್ರಾಧಿಕಾರವೇ ಒಡೆಯ, ಅದು 19ನೇ ಕಲಮಿನ 4ನೇ ಉಪಕಲಮಿನಡಿ ಯೋಜನೆ ಬದಲಿಸಬಹುದು, 65ನೇ ಕಲಮಿನಡಿ ಸರ್ಕಾರ ನಿರ್ದೇಶನವನ್ನೂ ಕೊಡಬಹುದು ಎಂಬ ವಾದ ಅದು. ತೊಮ್ಮೆನ್ ಇದಕ್ಕೆ ಕೊಟ್ಟ ಉತ್ತರವೇ ತೀರ್ಪಿನ ಹೃದಯ. ಯೋಜನೆಯಲ್ಲಿ ಸುಧಾರಣೆ ತರಲು ಮಾತ್ರ ಬದಲಾವಣೆಯ ಅಧಿಕಾರ ಇದೆ. ಕಾಯ್ದೆಯ ಉದ್ದೇಶ ಸಾಧಿಸಲು ಮಾತ್ರ ನಿರ್ದೇಶನದ ಅಧಿಕಾರ ಇದೆ. ಎಲ್ಲರ ಬಯಲನ್ನು ಖಾಸಗಿ ಆಸ್ಪತ್ರೆಗೆ ಕೊಡುವುದು ಸುಧಾರಣೆಯಲ್ಲ, ಕಾಯ್ದೆಯ ಉದ್ದೇಶವೂ ಅಲ್ಲ. ಇದಕ್ಕೆ ನಾನು ಸೇರಿಸಬೇಕೆನ್ನುವುದು ಒಂದು ಮಾತು. ಆಕ್ಷೇಪ ಕಾನೂನಿನಲ್ಲಿ ಸೋತರೂ ಇತಿಹಾಸದಲ್ಲಿ ಗೆದ್ದಿದೆ. ಯೋಜನೆ ಮುಗಿದಿಲ್ಲ, ಪಾಲಿಕೆಗೆ ಒಪ್ಪಿಸಿಲ್ಲ, ಖರ್ಚು ಯಾರದೆಂದು ತೀರ್ಮಾನವಾಗಿಲ್ಲ ಎನ್ನುವ ಈ ನಡುಗಾಲದಲ್ಲೇ ಸಾರ್ವಜನಿಕ ನೆಲ ಕೈಬದಲಾಗುವುದು. 1976ರಲ್ಲಿ ಹಾಗೆಯೇ ಆಯಿತು.

ಗಾಳಿಗಾಗಿ ಜಾಗ ಬಿಡುವ ಈ ಮಾತು ಅರಮನೆಯ ತೋಟದಿಂದ ಬಂದದ್ದಲ್ಲ, ಪ್ಲೇಗಿನಿಂದ ಬಂದದ್ದು ಎಂಬುದು ನನ್ನ ನಿಲುವು. 1896ರಲ್ಲಿ ಬೊಂಬಾಯಿಗೆ ಪ್ಲೇಗು ಬಂತು, 1898ರಲ್ಲಿ ಅಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗು ಕಾಲಿಟ್ಟಿತು. ಪೇಟೆಯ ಇಕ್ಕಟ್ಟು ಬಿಟ್ಟು ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳಿಗೆ ಜನ ಹೋದದ್ದು ಆ ಹೊಡೆತದಿಂದ. ಮೈಸೂರು ನಗರದ ಸುಧಾರಣಾ ಕಾಯ್ದೆ 1903ರದು, ಬೆಂಗಳೂರಿನದು 1945ರದು, ಪ್ರಾಧಿಕಾರದ್ದು ಅದರ ಮುಂದಿನ ಕೊಂಡಿ. ಈ ಸಾಲಿನಲ್ಲಿ ಬಯಲೆಂದರೆ ವಿಹಾರದ ತಾಣ ಎನ್ನುವುದಕ್ಕಿಂತ ರೋಗ ಹರಡದಂತೆ ಮನೆಗಳ ನಡುವೆ ಉಳಿಸಿದ ತೆರಪು. ಚರಂಡಿಯ ಖರ್ಚು ಹೇಗೆ ಊರ ತೆರಿಗೆಯ ಮೇಲೆ ಬೀಳುತ್ತದೋ ಇದರ ಖರ್ಚೂ ಹಾಗೆಯೇ ಬೀಳಬೇಕು ಎಂಬುದು ಅಂದಿನ ಶಾಸಕರಿಗೆ ಸಹಜವಾಗಿ ತೋರಿದ್ದು ಅದಕ್ಕೇ. ಸಹಾಯ್ ಅವರ ವಂಶಾವಳಿ ಈ ಕೊಂಡಿಯನ್ನು ಬಿಟ್ಟುಬಿಟ್ಟಿತು. ಬಿಟ್ಟದ್ದರ ಫಲವಾಗಿ ಉದ್ಯಾನ ಸೊಗಸಿನ ವಸ್ತುವಾಯಿತು. ಖಜಾನೆಗೆ ಕಷ್ಟ ಬಂದಾಗ ಮೊದಲು ಕೈಬಿಡುವುದು ಸೊಗಸನ್ನೇ ಅಲ್ಲವೇ?

ಇನ್ನೊಂದು ಹುಟ್ಟು ಕಂದಾಯದ ದಾಖಲೆಗಳಲ್ಲಿದೆ. ಪಶ್ಚಿಮದ ಬಡಾವಣೆಗಳು ಎದ್ದದ್ದು ಹಳ್ಳಿಗಳ ಮೇಲೆ: ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಕಾಮಾಕ್ಷಿಪಾಳ್ಯ, ಅತ್ತಿಗುಪ್ಪೆ, ಮಾರೇನಹಳ್ಳಿ. ಈ ಹಳ್ಳಿಗಳ ಕೆರೆ, ಗುಂಡುತೋಪು, ಹಾದಿ, ಮಸಣಗಳಿಗೆ ಸರ್ಕಾರ ಕಂದಾಯ ವಿಧಿಸಲಿಲ್ಲ. 1966ರ ಭೂಕಂದಾಯ ನಿಯಮಗಳ 21ನೇ ನಿಯಮ ಇದನ್ನು ಸ್ಪಷ್ಟವಾಗಿ ವಿಂಗಡಿಸುತ್ತದೆ. ಬೇಸಾಯಕ್ಕೆ ಒದಗದ ಜಾಗ 'ಎ' ಖರಾಬು. ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದರಿಂದ ಕಂದಾಯ ವಿಧಿಸದ ಜಾಗ 'ಬಿ' ಖರಾಬು. ಖಜಾನೆ ತನಗೆ ಬರಬಹುದಾಗಿದ್ದ ವರಮಾನವನ್ನು ಜನರ ಬಳಕೆಗಾಗಿ ಬಿಟ್ಟುಕೊಟ್ಟಿದೆ ಎಂಬುದರ ಲಿಖಿತ ಸಾಕ್ಷಿ 'ಬಿ' ಖರಾಬು. ಕಾಮಾಕ್ಷಿಪಾಳ್ಯದ ಕೆರೆ ಆಟದ ಬಯಲಾಯಿತು. ಸಾಣೆಗುರುವನಹಳ್ಳಿಯ ಕೆರೆಯಂಗಳ ಆಟದ ಬಯಲಿಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಟ್ಟಡಕ್ಕೂ ಹೋಯಿತು. ಎನ್. ಲಕ್ಷ್ಮಣರಾವ್ ಸಮಿತಿ 1985ರಿಂದ ಕೆಲಸ ಮಾಡಿ ಉಳಿದ ಕೆರೆಗಳನ್ನು ಕೆರೆಗಳಾಗಿಯೇ ಕಾಪಾಡಬೇಕೆಂದು ಹೇಳುವ ಹೊತ್ತಿಗೆ ಪಶ್ಚಿಮದಲ್ಲಿ ಕಾಪಾಡಲು ಉಳಿದದ್ದು ಕಡಿಮೆ.

ಈಗ ರಾಜಕೀಯದ ಮಾತು. ಸಾರ್ವಜನಿಕ ನೆಲವನ್ನು ಖಾಸಗಿಗೆ ಒಪ್ಪಿಸುವುದು ಸಂಪ್ರದಾಯವಾದಿ ಸರ್ಕಾರಗಳ ಕೊಡುಗೆ ಎಂದು ಪ್ರಗತಿಪರ ಬರಹಗಾರರ ಒಂದು ಗುಂಪು ಬರೆಯುತ್ತಾ ಬಂದಿದೆ. ಅವರ ಕಳಕಳಿಯ ಬಗ್ಗೆ ನನಗೆ ತಕರಾರಿಲ್ಲ, ಆದರೆ ಅವರ ಕಾಲಗಣನೆ ತಪ್ಪು. ಈ ನಗರದ ಅತಿ ಹೆಸರಾದ ಮೊಕದ್ದಮೆಯ ಆದೇಶಗಳು ಹೊರಟದ್ದು ದೇವರಾಜ ಅರಸರ ಸರ್ಕಾರದಲ್ಲಿ, ಭೂಸುಧಾರಣೆಯನ್ನು ನಾಡಿನಲ್ಲೇ ಅತ್ಯಂತ ದಿಟ್ಟವಾಗಿ ನಡೆಸಿದ ಸರ್ಕಾರದಲ್ಲಿ. ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣಾ ಕಾಯ್ದೆ 1985ರಲ್ಲಿ, ರಾಮಕೃಷ್ಣ ಹೆಗಡೆಯವರ ಕಾಲದಲ್ಲಿ ಬಂತು. ಹೆಸರಿಗೆ ಹೆಸರು ಹೊಂದುವ ಕಾಯ್ದೆ ಮದ್ರಾಸಿನಲ್ಲಿ 1959ರಷ್ಟು ಹಿಂದೆಯೇ ಬಂದಿತ್ತು.

ಹಾಗಾದರೆ ಸಂಪ್ರದಾಯವಾದಿ ರಾಜಕೀಯದ ಪಾಲೇನೂ ಇಲ್ಲವೇ? ಇದೆ. 2020ರಲ್ಲಿ ಯಡಿಯೂರಪ್ಪನವರ ಸರ್ಕಾರ ಪ್ರಾಧಿಕಾರದ ಕಾಯ್ದೆಗೆ 38-ಡಿ ಕಲಮನ್ನು ಸೇರಿಸಿ, ಪ್ರಾಧಿಕಾರದ ನೆಲದಲ್ಲಿ ಹನ್ನೆರಡು ವರ್ಷಕ್ಕೆ ಕಡಿಮೆಯಿಲ್ಲದ ಅನಧಿಕೃತ ಸ್ವಾಧೀನವನ್ನು ಹಣ ಪಡೆದು ಸಕ್ರಮಗೊಳಿಸುವ ದಾರಿ ತೆರೆಯಿತು. ಬೊಮ್ಮಾಯಿ ಸರ್ಕಾರ ಮಾಗಡಿ ರಸ್ತೆಯ ಕಡೆ, ತಾವರೆಕೆರೆ ಹೋಬಳಿಯ ಕುರುಬರಹಳ್ಳಿಯಲ್ಲಿ ಸುಮಾರು 35 ಎಕರೆ ಗೋಮಾಳವನ್ನು ರಾಷ್ಟ್ರೀಯ ಸ್ವಯಂಸೇವಕ ಸಂಘದ ಹಿನ್ನೆಲೆಯ ಜನಸೇವಾ ಟ್ರಸ್ಟಿಗೆ ಮಂಜೂರು ಮಾಡಿತು. 2023ರ ಜುಲೈನಲ್ಲಿ ಕಾಂಗ್ರೆಸ್ ಸರ್ಕಾರ ಅದನ್ನು ತಡೆಹಿಡಿಯಿತು. ಎರಡೂ ಕಡೆಯವರು ಇದನ್ನು ಸಿದ್ಧಾಂತದ ಜಗಳವಾಗಿ ನೋಡಿದರು. ನಾನು ನೋಡುವುದು ಅದೇ ಭೂಕಂದಾಯ ನಿಯಮಗಳ 97ನೇ ನಿಯಮವನ್ನು. ನೂರು ದನಗಳಿಗೆ 12 ಹೆಕ್ಟೇರಿನ ಲೆಕ್ಕದಲ್ಲಿ ಗೋಮಾಳ ಬಿಡಬೇಕೆನ್ನುತ್ತದೆ ಅದು. ಅಳತೆ ದನಗಳ ಎಣಿಕೆಯಿಂದ, ಮನುಷ್ಯರ ಎಣಿಕೆಯಿಂದಲ್ಲ. ನಗರ ಹಬ್ಬುತ್ತಾ ಹೋದಂತೆ ಕೊಟ್ಟಿಗೆಗಳು ಖಾಲಿಯಾಗುತ್ತವೆ, ಗೋಮಾಳ ಕಾಗದದ ಮೇಲೆ ಹೆಚ್ಚುವರಿಯಾಗುತ್ತದೆ. ಹೆಚ್ಚುವರಿಯಾದ ನೆಲಕ್ಕೆ ಖರ್ಚು ಮಾಡುವ ಇಲಾಖೆಯೇ ಇರುವುದಿಲ್ಲ. ಆಮೇಲೆ ಅದನ್ನು ನೋಡಿಕೊಳ್ಳಲು ಮುಂದೆ ಬರುವ ಯಾವ ಟ್ರಸ್ಟಾದರೂ ಉಪಕಾರಿಯಂತೆ ಕಾಣುತ್ತದೆ. 1976ರಲ್ಲಿ ಆಸ್ಪತ್ರೆಯವರೂ ಹೀಗೆಯೇ ಕಂಡರು.

ತೆರಿಗೆದಾರನ ಹಣ ಉದ್ಯಾನಕ್ಕೆ ಸುರಿಯಬಾರದು, ಪ್ರಾಯೋಜಕರು ನೋಡಿಕೊಳ್ಳಲಿ ಎನ್ನುವವರಿಗೆ ಉತ್ತರ ಅವರದೇ ಪರಂಪರೆಯಲ್ಲಿದೆ. 1949ರಲ್ಲಿ ಯಾರ ಹೆಸರಿನಲ್ಲಿ ರಾಜಾಜಿನಗರ ಹುಟ್ಟಿತೋ ಆ ಚಕ್ರವರ್ತಿ ರಾಜಗೋಪಾಲಾಚಾರಿಯವರೇ ಹತ್ತು ವರ್ಷದ ನಂತರ ಸ್ವತಂತ್ರ ಪಕ್ಷ ಕಟ್ಟಿದರು. ಆಸ್ತಿಯ ಹಕ್ಕು ಅದರ ಮೊದಲ ಮಂತ್ರಗಳಲ್ಲಿ ಒಂದು. ಆ ಹಕ್ಕಿನಿಂದಲೇ ಲೆಕ್ಕ ಹಾಕಿ. ಬಡಾವಣೆಗೆಂದು ವಶಪಡಿಸಿಕೊಂಡ ನೆಲದಲ್ಲಿ ಕನಿಷ್ಠ ಶೇಕಡಾ 15ರಷ್ಟು ಉದ್ಯಾನ ಮತ್ತು ಆಟದ ಬಯಲಿಗೆ, ಇನ್ನೂ ಶೇಕಡಾ 10ರಷ್ಟು ನಾಗರಿಕ ಸೌಕರ್ಯಕ್ಕೆ ಬಿಡಬೇಕೆನ್ನುತ್ತದೆ ಪ್ರಾಧಿಕಾರದ ಕಾಯ್ದೆಯ 16ನೇ ಕಲಂ. ಮಾರಲಾಗದ ಆ ಕಾಲುಭಾಗದ ಬೆಲೆ ಎಲ್ಲಿಂದ ಹುಟ್ಟಿತು? ನಿವೇಶನ ಕೊಂಡವರಿಂದ. ಮೂವತ್ತು-ನಲವತ್ತರ ಸೈಟಿಗೆ ಹಣ ಕಟ್ಟಿದ ಗುಮಾಸ್ತ, ಗಿರಣಿ ಕೆಲಸಗಾರ ತನ್ನ ಮನೆಯ ನೆಲದ ಜೊತೆಗೆ ಎದುರಿನ ಬಯಲಿನ ಪಾಲನ್ನೂ ಕೊಂಡಿದ್ದಾನೆ. ಅದನ್ನು ನೋಡಿಕೊಳ್ಳಲು ವರ್ಷವರ್ಷ ಮನೆಕಂದಾಯವನ್ನೂ ಕಟ್ಟಿದ್ದಾನೆ. ಆ ಬಯಲನ್ನು ಅವನ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಆಸ್ತಿ ಹಕ್ಕಿನ ಪರವಾದ ರಾಜಕೀಯವೇ ಎಲ್ಲರಿಗಿಂತ ಮೊದಲು ಅಡ್ಡ ನಿಲ್ಲಬೇಕಿತ್ತು. ಕಾಯ್ದೆ ಅವನ ಜೊತೆಗಿದೆ: 1984ರ ತಿದ್ದುಪಡಿಯ 38-ಎ ಕಲಂ ಉದ್ಯಾನ ಮತ್ತು ಸೌಕರ್ಯದ ಜಾಗವನ್ನು ಬೇರೆ ಉದ್ದೇಶಕ್ಕೆ ಪರಭಾರೆ ಮಾಡಿದರೆ ಅದು ಅನೂರ್ಜಿತ ಎನ್ನುತ್ತದೆ. (ಈ ಕಲಮನ್ನು ಹಿಂದಿನ ದಿನಾಂಕದಿಂದ ಜಾರಿಗೆ ತಂದದ್ದು ಕಾನೂನಿನ ಕಸರತ್ತು ಎಂದು ಹೀಗಳೆದವರಿದ್ದಾರೆ. ಯೋಜನೆಯೊಳಗೆ ಮೊದಲೇ ಇದ್ದ ನಿರ್ಬಂಧವನ್ನು ಅದು ಬಾಯಿಬಿಟ್ಟು ಹೇಳಿತು, ಅಷ್ಟೇ.)

ಈ ವಾದ ಹಳೆಯ ಬಡಾವಣೆಗಳಿಗೆ ಸೀಮಿತವಲ್ಲ. ಕೆಂಗೇರಿಯ ಆಚೆ, ಮೈಸೂರು ರಸ್ತೆ ಮತ್ತು ಮಾಗಡಿ ರಸ್ತೆಗಳ ನಡುವೆ ಹರಡಿದ ನಾಡಪ್ರಭು ಕೆಂಪೇಗೌಡ ಬಡಾವಣೆಗೆ 2010ರಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ದಶಕ ಕಳೆದರೂ ಕಾಮಗಾರಿ ಮುಗಿದಿರಲಿಲ್ಲ. ಯೋಜನೆ ಮುಗಿಯದಿದ್ದರೆ 30ನೇ ಕಲಮಿನ ವರ್ಗಾವಣೆಯಿಲ್ಲ, ವರ್ಗಾವಣೆಯಿಲ್ಲದೆ ಪಾಲಿಕೆಯ ಖರ್ಚಿಲ್ಲ. ನಕಾಶೆಯಲ್ಲಿ ಹಸಿರು ಬಣ್ಣ ಬಳಿದ ಅಲ್ಲಿನ ಜಾಗಗಳು 1976ರಲ್ಲಿ ರಾಜಮಹಲ್ ವಿಲಾಸದ ಬಯಲು ಇದ್ದ ಸ್ಥಿತಿಯಲ್ಲೇ ಇವೆ. 2025ರಲ್ಲಿ ನಗರ ಐದು ಪಾಲಿಕೆಗಳಾಗಿ ಒಡೆದು ಪಶ್ಚಿಮಕ್ಕೆ ತನ್ನದೇ ಪಾಲಿಕೆ ಬಂದಿರುವಾಗ, ಪ್ರತಿ ಬಡಾವಣೆಯ ಬಯಲುಗಳು ಯಾವ ದಿನಾಂಕದಂದು, ಯಾವ ಪತ್ರದ ಮೂಲಕ ನಿರ್ವಹಣೆಗೆ ಒಪ್ಪಿಸಲ್ಪಟ್ಟವು ಎಂಬ ವಿವರವನ್ನು 1985ರ ಕಾಯ್ದೆ ಕೇಳುವ ಪಟ್ಟಿಯ ಜೊತೆಗೇ ಪ್ರಕಟಿಸಬೇಕು. ಒಪ್ಪಿಸದೆ ಉಳಿದ ಜಾಗಗಳಿಗೆ ಪ್ರಾಧಿಕಾರ ತನ್ನ ಬಜೆಟ್ಟಿನಲ್ಲೇ ನಿರ್ವಹಣೆಯ ಹಣ ತೆಗೆದಿಡಬೇಕು, ಅದೂ ಬೇರೆ ಶೀರ್ಷಿಕೆಯಡಿ, ಬಡಾವಣೆಯ ಹೆಸರು ಬರೆದು.