ಕಾರು ಕೇಳಿದ ಊರಿಗೆ ವಿಮಾನ ಸಿಕ್ತು

ಹಳೆ ಕಾರುಗಳ ಪ್ರದರ್ಶನಕ್ಕೆ ಹೋದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳ್ತಾರೆ. ಯಾವ ಇಸವಿಯದು? ಲೀಟರಿಗೆ ಎಷ್ಟು ಕೊಡುತ್ತೆ? ಈಗ ಮಾರಿದ್ರೆ ಎಷ್ಟು ಬರುತ್ತೆ? ನಾಲ್ಕನೇ ಪ್ರಶ್ನೆಯೊಂದಿದೆ, ಅದನ್ನು ಕೇಳುವವರು ಕಡಿಮೆ: ಈ ಗಾಡಿ ತಯಾರಾಗಿದ್ದು ಎಲ್ಲಿ? ಬೆಂಗಳೂರಿನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ ಅದರ ಹಿಂದಿನಿಂದ ಈ ಊರಿನದೇ ಒಂದು ಕಥೆ ಬಿಚ್ಚಿಕೊಳ್ಳುತ್ತೆ.

ಈಚೆಗೆ ದೊಮ್ಮಲೂರಿನಲ್ಲಿ ಕ್ಲಾಸಿಕ್ ಕಾರು ಕ್ಲಬ್ಬಿನವರು ತಮ್ಮ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದ್ದ ದಿನ ನಾನೂ ಹೋಗಿದ್ದೆ. ಒಂದು ಸಾಲಿನಲ್ಲಿ ಸ್ವಾತಂತ್ರ್ಯಕ್ಕೆ ಮುಂಚಿನ ಆಸ್ಟಿನ್, ಮಾರಿಸ್, ಷೆವರ್ಲೆ. ಇನ್ನೊಂದರಲ್ಲಿ ನಮಗೆಲ್ಲ ಪರಿಚಯದ ಅಂಬಾಸಿಡರ್, ಫಿಯೆಟ್. ಸೆಲ್ಫಿ ಗಲಾಟೆಯೆಲ್ಲ ಮೊದಲ ಸಾಲಿನ ಹತ್ತಿರ. ನಾನು ನಿಂತಿದ್ದು ಎರಡನೇ ಸಾಲಿನಲ್ಲಿ. ನಮ್ಮೂರಲ್ಲಿ ಕಾರು ಅಂದ್ರೆ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಬರ್ತಿದ್ದ ಅಂಬಾಸಿಡರ್. ಫಿಯೆಟ್ ಏನಿದ್ರೂ ಪೇಟೆ ಡಾಕ್ಟ್ರದ್ದು. "ಮುಟ್ಟಿ ನೋಡಿ, ಪರವಾಗಿಲ್ಲ" ಅಂದ್ರು ಫಿಯೆಟ್‌ನ ಯಜಮಾನರು. "ಇದನ್ನ ಎಲ್ಲಿ ಮಾಡಿದ್ದು ಸಾರ್?" ಅಂತ ಕೇಳಿದೆ. "ಬಾಂಬೆ, ಕುರ್ಲಾ. ಆದ್ರೆ ಕಾರ್ಖಾನೆ ಇಲ್ಲೇ ಬೆಂಗಳೂರಲ್ಲಿ ಆಗ್ಬೇಕಿತ್ತು, ಗೊತ್ತಾ ನಿಮ್ಗೆ?" ಅಂದ್ರು.

ಆ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ.

ಮೊದಲ ಸಾಲಿನ ಕಾರುಗಳ ಕಾಲದಲ್ಲಿ ಭಾರತದಲ್ಲಿ ಕಾರು ತಯಾರಾಗ್ತಾನೇ ಇರಲಿಲ್ಲ. ಜನರಲ್ ಮೋಟರ್ಸ್ 1928ರಲ್ಲಿ ಬಾಂಬೆಯಲ್ಲಿ ಘಟಕ ತೆರೆದಿತ್ತು, ಸ್ವಲ್ಪ ದಿನಕ್ಕೆ ಫೋರ್ಡ್ ಕೂಡ ಬಂತು. ಆದರೆ ಅಲ್ಲಿ ನಡೀತಿದ್ದದ್ದು ಜೋಡಣೆ ಮಾತ್ರ. ಬಿಡಿಭಾಗಗಳು ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಯುತ್ತಿದ್ದವು, ಇಲ್ಲಿನ ಕೆಲಸಗಾರರು ನಟ್ಟು ಬೋಲ್ಟು ಬಿಗಿಯುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬೇರೆಯವರು ಬರೆದ ಸಾಫ್ಟ್‌ವೇರ್ ತಂದು ಇನ್‌ಸ್ಟಾಲ್ ಮಾಡಿಕೊಟ್ಟ ಹಾಗೆ.

ಇದು ಸಾಲದು ಅಂತ ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. 1935ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಅವರು ಯುರೋಪ್ ಮತ್ತು ಅಮೆರಿಕ ಸುತ್ತಿದರು. ಡೆಟ್ರಾಯಿಟ್‌ನ ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯನ್ನು ಬರೆದಿಟ್ಟರು. ಬಂಡವಾಳ ಹಾಕೋಕೆ ಮುಂದೆ ಬಂದವರು ಬಾಂಬೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್. ಆಗಿನ ಬಾಂಬೆ ಕಾಂಗ್ರೆಸ್ ಸರ್ಕಾರ ಬೆಂಬಲ ಕೊಡಲು ಸಿದ್ಧವಿತ್ತು. ಆದರೆ 1939ರಲ್ಲಿ, ಭಾರತವನ್ನು ಕೇಳದೆ ಯುದ್ಧಕ್ಕೆ ಎಳೆದರು ಅನ್ನೋ ಕಾರಣಕ್ಕೆ, ಆ ಸರ್ಕಾರವೇ ರಾಜೀನಾಮೆ ಕೊಟ್ಟಿತು.

ಆಗ ಕಣ್ಣು ಬಿದ್ದದ್ದು ಬೆಂಗಳೂರಿನ ಮೇಲೆ. ಮೈಸೂರು ಸಂಸ್ಥಾನದ ದಿವಾನರು ಮಿರ್ಜಾ ಇಸ್ಮಾಯಿಲ್. ಕೈಗಾರಿಕೆ ಅಂದ್ರೆ ಅವರಿಗೆ ಉತ್ಸಾಹ. ಶಿವನಸಮುದ್ರದ ವಿದ್ಯುತ್ತಿತ್ತು, ಜಾಗವಿತ್ತು, ಸಂಸ್ಥಾನವೇ ಪಾಲುದಾರನಾಗಲು ತಯಾರಿತ್ತು. 1940ರಲ್ಲಿ ವಾಲ್‌ಚಂದ್ ಅಮೆರಿಕದ ಕ್ರೈಸ್ಲರ್ ಕಂಪನಿ ಜೊತೆ ಒಪ್ಪಂದವನ್ನೂ ಮಾಡಿಕೊಂಡರು. ಬಾಕಿ ಉಳಿದಿದ್ದು ದೆಹಲಿಯ ಬ್ರಿಟಿಷ್ ಸರ್ಕಾರದ ಒಪ್ಪಿಗೆ. ಅದು ಬರಲಿಲ್ಲ. ಯುದ್ಧ ನಡೀತಿದೆ, ಕಾರು ಕಾರ್ಖಾನೆಯಿಂದ ಯುದ್ಧಕ್ಕೆ ಉಪಯೋಗವಿಲ್ಲ ಅಂತ ಕಾರಣ ಕೊಟ್ಟರು.

ಕಥೆಯ ತಿರುವು ಇರೋದು ಇಲ್ಲಿ. ಇದೇ ವಾಲ್‌ಚಂದ್ 1939ರಲ್ಲಿ ಪ್ರಯಾಣ ಮಾಡುವಾಗ ಆಕಸ್ಮಿಕವಾಗಿ ವಿಲಿಯಂ ಪಾಲಿ ಅನ್ನೋ ಅಮೆರಿಕನ್ ವಿಮಾನ ಉದ್ಯಮಿಯ ಪರಿಚಯವಾಗಿತ್ತು. ಆ ಪರಿಚಯದಿಂದ ಹುಟ್ಟಿದ್ದು ವಿಮಾನ ಕಾರ್ಖಾನೆಯ ಯೋಚನೆ. ಅದಕ್ಕೂ ಮೈಸೂರು ಸಂಸ್ಥಾನವೇ ಜೊತೆಯಾಯಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಸ್ಥಾಪನೆಯಾಯಿತು. ಕಾರಿಗೆ ಬೇಡ ಅಂದಿದ್ದ ಅದೇ ದೆಹಲಿ ಸರ್ಕಾರ 1941ರಲ್ಲಿ ಇದರ ಷೇರು ಕೊಂಡಿತು, 1942ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. ಜಪಾನ್ ಸೇನೆ ಬರ್ಮಾ ತನಕ ಬಂದಿದ್ದ ಹೊತ್ತು ಅದು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು.

ಒಂದೇ ಊರು, ಒಬ್ಬನೇ ಉದ್ಯಮಿ, ಒಂದೇ ಸಂಸ್ಥಾನ, ಹೆಚ್ಚುಕಮ್ಮಿ ಒಂದೇ ವರ್ಷ. ಎರಡು ಅರ್ಜಿ, ಎರಡು ಉತ್ತರ. ಊರಿಗೆ ಏನು ಬೇಕು ಅನ್ನೋದನ್ನ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಯುದ್ಧಕ್ಕೆ ಏನು ಬೇಕು ಅನ್ನೋದಷ್ಟೇ ಲೆಕ್ಕಕ್ಕೆ ಬಂತು.

ವಾಲ್‌ಚಂದ್ ಕಾರಿನ ಆಸೆ ಬಿಡಲಿಲ್ಲ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಶುರು ಮಾಡಿದರು, ಕಾರ್ಖಾನೆ ಬಾಂಬೆಯ ಕುರ್ಲಾದಲ್ಲಿ. ಮೊದಲು ಡಾಜ್, ಪ್ಲಿಮತ್, ಆಮೇಲೆ ಫಿಯೆಟ್. 1964ರಲ್ಲಿ ಬಂದ ಫಿಯೆಟ್ 1100 ಡಿಲೈಟ್ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಬಿರ್ಲಾ ಅವರ ಹಿಂದೂಸ್ತಾನ್ ಮೋಟರ್ಸ್ 1942ರಲ್ಲೇ ಹುಟ್ಟಿ, ಮುಂದೆ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಮಾಡ್ತು. ನಮ್ಮ ನಿಮ್ಮ ಅಪ್ಪಂದಿರ ಕಾಲದ ಎರಡೂ ಕಾರುಗಳು ಹೊರಗಿನಿಂದಲೇ ಬಂದವು.

ಬೆಂಗಳೂರಿಗೆ ಸಿಕ್ಕಿದ್ದೂ ಕಡಿಮೆಯೇನಲ್ಲ. ದಂಡು ಪ್ರದೇಶದ ಅಂಚಿನ ಹಳ್ಳಿಯಾಗಿದ್ದ ದೊಮ್ಮಲೂರಿನ ಪಕ್ಕದ ರಸ್ತೆಗೆ ಇವತ್ತಿಗೂ ಓಲ್ಡ್ ಏರ್‌ಪೋರ್ಟ್ ರೋಡ್ ಅಂತಾನೇ ಹೆಸರು. 2008ರಲ್ಲಿ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು, ಹೆಸರು ಉಳೀತು. ಯುದ್ಧ ಮುಗಿದ ಮೇಲೆ ಎಚ್‌ಎಎಲ್ ರೈಲು ಬೋಗಿಗಳನ್ನೂ ಕಟ್ಟಿತು. ಆ ವಿಭಾಗವೇ 1964ರಲ್ಲಿ ಬೆಮೆಲ್ ಆಯಿತು. ಇವತ್ತು ಹಲಸೂರು, ಇಂದಿರಾನಗರದ ಮೇಲೆ ಓಡುವ ನೇರಳೆ ಮಾರ್ಗದ ಮೆಟ್ರೊ ಬೋಗಿಗಳಲ್ಲಿ ಬೆಮೆಲ್ ಪಾಲೂ ಇದೆ. 1961ರಲ್ಲಿ ಇಲ್ಲೇ ಮರುತ್ ಯುದ್ಧವಿಮಾನ ಮೊದಲ ಸಲ ಹಾರಿತು.

ಆದರೆ ವಿಮಾನಕ್ಕೂ ಕಾರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಯುದ್ಧವಿಮಾನ ಕೊಳ್ಳೋದು ಸರ್ಕಾರ ಒಂದೇ. ಕಾರು ಕೊಳ್ಳೋರು ಡಾಕ್ಟ್ರು, ಮೇಷ್ಟ್ರು, ಬಾಡಿಗೆ ಗಾಡಿ ಓಡಿಸೋನು. ಕಾರು ಕೆಟ್ಟರೆ ತಾಲ್ಲೂಕು ಕೇಂದ್ರದ ಮೆಕ್ಯಾನಿಕ್ ಅದನ್ನು ಬಿಚ್ಚಿ ಕಲೀತಾನೆ. ವಿಮಾನ ಬಿಚ್ಚಿ ಕಲಿಯೋಕೆ ಅವನನ್ನ ಕಾಂಪೌಂಡ್ ಒಳಗೇ ಬಿಡಲ್ಲ. ದೊಡ್ಡದೊಬ್ಬ ಗಿರಾಕಿ ಹೇಳಿದ ಅಳತೆಗೆ ಅಚ್ಚುಕಟ್ಟಾಗಿ ಕೆಲಸ ಮಾಡಿಕೊಡೋದನ್ನ ಈ ಊರು ಆಗಲೇ ಕಲೀತು ಅಂತ ನನಗನ್ನಿಸುತ್ತೆ. ನಾವು ರಾತ್ರಿ ಹತ್ತಕ್ಕೆ ಕ್ಲೈಂಟ್ ಕಾಲ್‌ಗೆ ಕೂರೋದು ಅದೇ ಅಭ್ಯಾಸದ ಮುಂದಿನ ಅಧ್ಯಾಯ ಇರಬಹುದು. ಹಾಗಂತ ಕಾರು ಕಾರ್ಖಾನೆ ಬಂದಿದ್ರೆ ಎಲ್ಲ ಸರಿ ಹೋಗ್ತಿತ್ತು ಅಂತಲೂ ಅಲ್ಲ. ಲೈಸೆನ್ಸ್ ರಾಜ್ ಕಾಲದಲ್ಲಿ ಪದ್ಮಿನಿ, ಅಂಬಾಸಿಡರ್ ಎರಡೂ ದಶಕಗಟ್ಟಲೆ ಹೆಚ್ಚು ಬದಲಾಗದೆ ಬಂದವು, ಜನ ಬುಕ್ ಮಾಡಿ ವರ್ಷಗಟ್ಟಲೆ ಕಾದರು.

ಊರು ಆಸೆಯನ್ನೂ ಬಿಡಲಿಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಸಿಪಾನಿಯವರು ಬಾದಲ್ ಅನ್ನೋ ಮೂರು ಚಕ್ರದ ಕಾರು ಮಾಡಿದರು. 1982ರಲ್ಲಿ ಬಂತು ಡಾಲ್ಫಿನ್, ಬ್ರಿಟನ್ನಿನ ರಿಲಯಂಟ್ ಕಿಟನ್ ಮಾದರಿಯದು, ಫೈಬರ್‌ಗ್ಲಾಸ್ ಮೈ. ಎರಡೂ ನಿಲ್ಲಲಿಲ್ಲ. 2001ರಲ್ಲಿ ಬಂದ ರೇವಾ ಎಲೆಕ್ಟ್ರಿಕ್ ಕಾರು ಲಂಡನ್ ಬೀದಿಯಲ್ಲಿ ಜೀವಿಜ್ ಹೆಸರಲ್ಲಿ ಓಡಾಡಿತು. ಎಲೆಕ್ಟ್ರಿಕ್ ಅಂದ್ರೆ ಜನ ನಗ್ತಿದ್ದ ಕಾಲಕ್ಕೆ. ದೊಡ್ಡ ಪ್ರಮಾಣದ ಕಾರ್ಖಾನೆ ಕೊನೆಗೂ ಬಂದಿದ್ದು ಬಿಡದಿಗೆ. ಟೊಯೊಟಾ ಕಿರ್ಲೋಸ್ಕರ್ 1997ರಲ್ಲಿ ಶುರುವಾಗಿ, 2000ದಲ್ಲಿ ಕ್ವಾಲಿಸ್ ರಸ್ತೆಗಿಳಿಯಿತು. ವಾಲ್‌ಚಂದ್ ಅರ್ಜಿಗೂ ಅದಕ್ಕೂ ನಡುವೆ ಅರವತ್ತು ವರ್ಷ.

ಕ್ವಾಲಿಸ್ ಅಂದ್ರೆ ನಮ್ಮ ಉದ್ಯೋಗದ ಸೀನಿಯರ್‌ಗಳಿಗೆ ನೆನಪಾಗೋದು ನೈಟ್ ಶಿಫ್ಟ್ ಕ್ಯಾಬ್. ಹಿಂದಿನ ಸೀಟಲ್ಲಿ ತೂಕಡಿಸುತ್ತಾ ಇಡೀ ಒಂದು ತಲೆಮಾರು ಈ ಊರಿನ ಆಫೀಸುಗಳಿಗೆ ಹೋಗಿ ಬಂತು. 2021ರ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಂಟೇಜ್ ಮಾನ್ಯತೆ, ನಂಬರ್ ಪ್ಲೇಟಿನಲ್ಲಿ ವಿಎ ಅನ್ನೋ ಅಕ್ಷರ. ಲೆಕ್ಕ ಹಾಕಿ: ಮೊದಲ ಕ್ವಾಲಿಸ್‌ಗಳಿಗೆ ಆ ಯೋಗ 2050ಕ್ಕೆ. ನಿಮ್ಮ ಪರಿಚಯದವರ ಹತ್ತಿರ ಯಾರ ಹತ್ತಿರವಾದ್ರೂ ಒಂದಿದ್ದರೆ ಗುಜರಿಗೆ ಹಾಕಬೇಡಿ ಅಂತ ಹೇಳಿ. ಈ ಊರು ಕೇಳಿ ಅರವತ್ತು ವರ್ಷ ಕಾದು ಪಡೆದ ಗಾಡಿ ಅದು.