'ಕರಗುವ' ಪ್ಲಾಸ್ಟಿಕ್ ಮರಳಿನ ಮೇಲೆ ಏನಾಗುತ್ತೆ?

ಚೀಲದ ಮೇಲೆ 'ಬಯೋಡಿಗ್ರೇಡಬಲ್' ಅಂತ ಹಸಿರು ಅಕ್ಷರದಲ್ಲಿ ಬರೆದಿರುತ್ತೆ. ಎಲ್ಲಿ ಕೊಳೆಯುತ್ತೆ, ಎಷ್ಟು ದಿನಕ್ಕೆ ಅಂತ ಮಾತ್ರ ಬರೆದಿರಲ್ಲ. ಇವತ್ತಿನ ಸಂಚಿಕೆ ಆ ಬರೆಯದೇ ಬಿಟ್ಟ ಮಾತಿನ ಇತಿಹಾಸ.

ಕಥೆ ಶುರುವಾಗೋದು 1920ರ ದಶಕದ ಫ್ರಾನ್ಸ್‌ನಲ್ಲಿ. ಮೋರಿಸ್ ಲೆಮ್ವಾನ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾದೊಳಗೆ ಪಿಎಚ್‌ಬಿ ಎಂಬ ವಸ್ತುವನ್ನು ಗುರುತಿಸಿದರು. ನಮ್ಮ ದೇಹ ಕೊಬ್ಬು ಕೂಡಿಡುವ ಹಾಗೆ ಬ್ಯಾಕ್ಟೀರಿಯಾ ಕೂಡಿಟ್ಟ ಆಹಾರ ಅದು. ಸೂಕ್ಷ್ಮಜೀವಿಗಳಿಗೆ ಅದು ಊಟ. ಆದ್ದರಿಂದಲೇ ಅದು ಕೊಳೆಯುತ್ತೆ.

1973ರಲ್ಲಿ ತೈಲದ ಬೆಲೆ ಏರಿದ ಮೇಲೆ ಬ್ರಿಟನ್ನಿನ ಐಸಿಐ ಕಂಪನಿ ಇದರ ಹಿಂದೆ ಬಿತ್ತು. 1990ರಲ್ಲಿ ಜರ್ಮನಿಯಲ್ಲಿ 'ಬಯೋಪಾಲ್' ಹೆಸರಿನ ಈ ಪ್ಲಾಸ್ಟಿಕ್‌ನ ಶಾಂಪೂ ಬಾಟಲಿ ಬಂತು. ಆದ್ರೆ ಲೆಕ್ಕ ಕೂಡಿಬರಲಿಲ್ಲ. ಮಾಮೂಲಿ ಪ್ಲಾಸ್ಟಿಕ್‌ಗಿಂತ ಬೆಲೆ ಹಲವು ಪಟ್ಟು. 1996ರಲ್ಲಿ ವ್ಯವಹಾರ ಮಾನ್ಸಾಂಟೊ ಪಾಲಾಯ್ತು, ದಶಕ ಮುಗಿಯುವ ಹೊತ್ತಿಗೆ ಅದೂ ಕೈಬಿಟ್ಟಿತು.

ಮಾರುಕಟ್ಟೆ ಅಗ್ಗದ ದಾರಿಗಳನ್ನೂ ಹುಡುಕಿತು. ಒಂದು, ಮಾಮೂಲಿ ಪಾಲಿಥಿನ್‌ಗೆ ಲೋಹದ ಲವಣ ಬೆರೆಸಿದ 'ಆಕ್ಸೋ' ಪ್ಲಾಸ್ಟಿಕ್. ಇದು ಚೂರಾಗುತ್ತೆ, ಆದ್ರೆ ಚೂರಾಗೋದು ಬೇರೆ, ಕೊಳೆಯೋದು ಬೇರೆ. ಇನ್ನೊಂದು, ಜೋಳದಂಥ ಬೆಳೆಯಿಂದ ಮಾಡುವ ಪಿಎಲ್‌ಎ. ಇದು ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಶಾಖದ, ತೇವ ಇರುವ ಗೊಬ್ಬರ ಘಟಕ ಬೇಕು.

ಕಡಲತೀರದ ಮರಳಲ್ಲಿ ಇದೆಲ್ಲಿ ಸಿಗಬೇಕು? ಮೇಲಿನ ಮರಳು ಬಿಸಿ, ಆದ್ರೆ ಒಣ. ಸೂಕ್ಷ್ಮಜೀವಿಗಳಿಗೆ ಬೇಕಾದ ತೇವ, ಪೋಷಕಾಂಶ ಕಮ್ಮಿ. ಬಿಸಿಲಿಗೆ ಪ್ಲಾಸ್ಟಿಕ್ ಪೆಡಸಾಗುತ್ತೆ, ಅಲೆ ಮತ್ತು ಮರಳಿನ ತಿಕ್ಕಾಟಕ್ಕೆ ಪುಡಿಯಾಗುತ್ತೆ. ಹೂತುಹೋದ್ರೆ ಬಿಸಿಲೂ ತಾಗಲ್ಲ, ಹಾಗೇ ಉಳಿಯುತ್ತೆ.

2019ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಇಮೋಜೆನ್ ನ್ಯಾಪರ್ ಮತ್ತು ರಿಚರ್ಡ್ ಥಾಂಪ್ಸನ್ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮೂರು ವರ್ಷ ಮಣ್ಣಲ್ಲಿ, ಸಮುದ್ರದಲ್ಲಿ ಇಟ್ಟಿದ್ದ 'ಬಯೋಡಿಗ್ರೇಡಬಲ್' ಚೀಲ ಇನ್ನೂ ಸಾಮಾನು ಹೊರುವಷ್ಟು ಗಟ್ಟಿಯಾಗಿತ್ತು. 'ಕಾಂಪೋಸ್ಟಬಲ್' ಚೀಲ ಸಮುದ್ರದಲ್ಲಿ ಮೂರು ತಿಂಗಳಲ್ಲೇ ಕಾಣದಾಯ್ತು, ಮಣ್ಣಲ್ಲಿ 27 ತಿಂಗಳಾದರೂ ಉಳಿದಿತ್ತು. ಬಯಲು ಗಾಳಿಯಲ್ಲಿಟ್ಟ ಚೀಲಗಳೆಲ್ಲ ಒಂಬತ್ತು ತಿಂಗಳಲ್ಲಿ ಚೂರುಚೂರು.

ಅದೇ ಚೀಲ, ಜಾಗ ಬದಲಾದ್ರೆ ಹಣೆಬರಹವೇ ಬದಲು. 2021ರ ಜುಲೈಯಿಂದ ಐರೋಪ್ಯ ಒಕ್ಕೂಟ ಆಕ್ಸೋ ಪ್ಲಾಸ್ಟಿಕ್ ನಿಷೇಧಿಸಿದೆ. ನಮ್ಮ ದೇಶದ ನಿಯಮಗಳಲ್ಲಿ ಕಾಂಪೋಸ್ಟಬಲ್ ಕೈಚೀಲಕ್ಕೆ ಅವಕಾಶ ಇದೆ. ಸರಿ, ಆದ್ರೆ ಅದು ಗೊಬ್ಬರ ಘಟಕ ತಲುಪಿದಾಗ ಮಾತ್ರ ಆ ಹೆಸರಿಗೆ ಅರ್ಥ. ತೀರದಲ್ಲಿ ಬಿಟ್ಟು ಬಂದ್ರೆ ಅದೂ ಕಸವೇ. ಹಾಗಾಗಿ ಅಂಗಡಿಯಲ್ಲಿ 'ಇದು ಕೊಳೆಯುತ್ತಾ?' ಅಂತ ಕೇಳಿ ಸುಮ್ಮನಾಗಬೇಡಿ. 'ಎಲ್ಲಿ ಕೊಳೆಯುತ್ತೆ?' ಅಂತಲೂ ಕೇಳಿ.