ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಅಂಗಳಕ್ಕೆ



ಸಂಘದ ಕೂಟಗಳಲ್ಲಿ ನಮ್ಮನ್ನು ಪಕ್ಕಕ್ಕೆ ಕರೆದು ಕೇಳುವ ಪ್ರಶ್ನೆಗಳಲ್ಲಿ ಒಂದು ಮತ್ತೆ ಮತ್ತೆ ಬರುತ್ತದೆ: “ಊರಿನಲ್ಲಿ ತಂದೆಯವರಿಗೆ ಹೃದಯಾಘಾತವಾಗಿ ಎರಡು ವಾರವಾಯಿತು. ವೈದ್ಯರು ನಡೆಯಲು ಹೇಳಿದ್ದಾರಂತೆ. ಇಷ್ಟು ಬೇಗ ಸರಿಯೆ? ಮಲಗಿಯೇ ಇರಲೆಂದು ನಾವು ಹೇಳುತ್ತಿದ್ದೇವೆ.” ಈ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವುದು ತಪ್ಪಾದೀತು. ಕಳೆದ ಶತಮಾನದ ಮಧ್ಯಭಾಗದವರೆಗೆ ವೈದ್ಯಲೋಕವೇ ಹೀಗೆ ನಂಬಿತ್ತು. ಆ ನಂಬಿಕೆ ಬೇರೂರಿದ ಬಗೆಯನ್ನೂ ಸಡಿಲಗೊಂಡ ಬಗೆಯನ್ನೂ ಇಲ್ಲಿ ನಿರೂಪಿಸುತ್ತೇವೆ.

ಸೋಜಿಗವೆಂದರೆ, ಅದಕ್ಕೂ ಹಿಂದಿನ ವೈದ್ಯರು ನಡಿಗೆಗೆ ಹೆದರಿದವರಲ್ಲ. ಹೃದಯಮೂಲದ ಎದೆನೋವಿಗೆ ‘ಆಂಜೈನಾ’ ಎಂದು ಹೆಸರಿತ್ತವರು ಲಂಡನ್ನಿನ ವಿಲಿಯಂ ಹೆಬರ್ಡನ್. ದಿನವೂ ಅರ್ಧ ಗಂಟೆ ಮರ ಕೊಯ್ಯುವುದನ್ನು ನೇಮವಾಗಿಸಿಕೊಂಡ ರೋಗಿಯೊಬ್ಬನು ಬಹುಮಟ್ಟಿಗೆ ಗುಣಹೊಂದಿದನೆಂದು ಅವರು ದಾಖಲಿಸಿದ್ದಾರೆ. ಡಬ್ಲಿನ್ನಿನ ವಿಲಿಯಂ ಸ್ಟೋಕ್ಸ್ 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೆಲವು ಹೃದ್ರೋಗಿಗಳು ಮೊದಲು ಸಮತಟ್ಟು ನೆಲದಲ್ಲಿ ನಡೆದು, ಕ್ರಮೇಣ ಏರುದಾರಿಗೆ ತೊಡಗಬೇಕೆಂದು ಸಲಹೆ ಮಾಡಿದರು.

ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ಬೇರೆಡೆಗೆ ತಿರುಗಿತು. 1912ರಲ್ಲಿ ಷಿಕಾಗೋದ ಜೇಮ್ಸ್ ಹೆರಿಕ್, ಹೃದಯದ ರಕ್ತನಾಳ ಹಠಾತ್ತನೆ ಮುಚ್ಚಿಕೊಂಡರೂ ರೋಗಿ ಬದುಕುಳಿಯಬಲ್ಲನೆಂದು ವಿವರಿಸಿ, ಅಂಥವರಿಗೆ ಸಂಪೂರ್ಣ ವಿಶ್ರಾಂತಿಯನ್ನು ವಿಧಿಸಿದರು. 1939ರಲ್ಲಿ ಬಾಸ್ಟನ್ನಿನ ಸಂಶೋಧಕರು ಮೃತರ ಹೃದಯಗಳನ್ನು ಪರೀಕ್ಷಿಸಿ, ಗಾಯ ಮಾಗಿ ಕಲೆಗಟ್ಟಲು ಸುಮಾರು 6 ವಾರ ಬೇಕೆಂದು ಕಂಡುಕೊಂಡರು. ಹಾಗಾದರೆ ಆರು ವಾರವೂ ಹಾಸಿಗೆಯೇ ಗತಿಯೆಂದಾಯಿತು. ತುತ್ತನ್ನು ದಾದಿಯರೇ ಉಣಿಸುತ್ತಿದ್ದರು. ಮಗ್ಗುಲು ಬದಲಿಸಲೂ ಅವರೇ ನೆರವಾಗುತ್ತಿದ್ದರು. ಮೆತ್ತಗಾದ ಹೃದಯಭಿತ್ತಿ ಶ್ರಮದಿಂದ ಒಡೆದೀತೆಂಬುದು ಭಯ. ತರ್ಕ ಸರಿಯಾಗಿಯೇ ತೋರುತ್ತಿತ್ತು. ಆದರೆ ಹಾಸಿಗೆಗೂ ತನ್ನದೇ ಅಪಾಯಗಳಿವೆಯೆಂಬುದು ಆ ಲೆಕ್ಕದಲ್ಲಿರಲಿಲ್ಲ. ಅಲುಗದ ಕಾಲುಗಳಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶವನ್ನು ಸೇರಿ ಪ್ರಾಣವನ್ನೇ ತೆಗೆಯುತ್ತಿತ್ತು. ಸ್ನಾಯುಗಳು ಸೊರಗಿದವು, ಮನಸ್ಸು ಕುಗ್ಗಿತು.

ಈ ಕಟ್ಟಳೆಯನ್ನು ಮೀರಿದವರಲ್ಲಿ ಮುಖ್ಯರು ಬಾಸ್ಟನ್ನಿನ ಸ್ಯಾಮ್ಯುಯೆಲ್ ಲೆವಿನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಬರ್ನಾರ್ಡ್ ಲೌನ್. ಕಾಲುಗಳನ್ನು ಇಳಿಬಿಟ್ಟು ಕುಳಿತರೆ ಹೃದಯಕ್ಕೆ ಮರಳುವ ರಕ್ತ ತಗ್ಗಿ ಅದರ ಹೊರೆ ಹಗುರಾಗುವುದೆಂದು ಲೆವಿನ್ ತರ್ಕಿಸಿದರು. ರೋಗಿಗಳನ್ನು ಮೊದಲ ದಿನಗಳಲ್ಲೇ ಆರಾಮಕುರ್ಚಿಯಲ್ಲಿ ಕುಳ್ಳಿರಿಸಿದರು. ಆಸ್ಪತ್ರೆಯ ಕಿರಿಯ ವೈದ್ಯರೇ ಇದನ್ನು ಕ್ರೌರ್ಯವೆಂದು ಪ್ರತಿಭಟಿಸಿದರೆಂದು ಲೌನ್ ಮುಂದೆ ನೆನಪಿಸಿಕೊಂಡಿದ್ದಾರೆ. 1952ರಲ್ಲಿ 81 ರೋಗಿಗಳ ಅನುಭವವನ್ನು ಅವರಿಬ್ಬರೂ ಪ್ರಕಟಿಸಿದರು. ಕುರ್ಚಿಯಿಂದ ಕೇಡಾಗಲಿಲ್ಲ, ರೋಗಿಗಳ ಧೈರ್ಯ ಹೆಚ್ಚಿತು. ಇಂದು ನಾವು ವಾರ್ಡಿನಲ್ಲಿ ಕಾಣುವ ಮೊದಲ ಹೆಜ್ಜೆಗೆ ದಾರಿ ತೆರೆದದ್ದು ಆ ಕುರ್ಚಿ.

ಮೂರು ವರ್ಷಗಳ ಬಳಿಕ, 1955ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಡೆನ್ವರಿನಲ್ಲಿ ಹೃದಯಾಘಾತವಾಯಿತು. ಅವರನ್ನು ನೋಡಿದ ತಜ್ಞ ಪಾಲ್ ಡಡ್ಲಿ ವೈಟ್ ಸ್ವತಃ ನಡಿಗೆಯ, ಸೈಕಲ್ ಸವಾರಿಯ ಪ್ರೇಮಿ. ಸುಮಾರು ಏಳು ವಾರಗಳ ನಂತರ ಅಧ್ಯಕ್ಷರು ಆಸ್ಪತ್ರೆಯಿಂದ ಹೊರಬಂದರು. ಮರುವರ್ಷ ಚುನಾವಣೆಯಲ್ಲಿ ಮತ್ತೆ ಗೆದ್ದರು. ಹೃದಯಾಘಾತವೆಂದರೆ ಬದುಕು ಮುಗಿದಂತೆಯೇ ಎಂದುಕೊಂಡಿದ್ದ ಮನೆಮನೆಗೂ ಆ ಸುದ್ದಿ ಧೈರ್ಯ ತಂದಿತು.

ಹಾಸಿಗೆ ಎಷ್ಟನ್ನು ಕಸಿಯುತ್ತದೆ ಎಂಬುದಕ್ಕೆ ಸ್ಪಷ್ಟ ಸಾಕ್ಷ್ಯ ದೊರೆತದ್ದು 1966ರಲ್ಲಿ, ಟೆಕ್ಸಾಸಿನ ಡಲ್ಲಾಸ್ ನಗರದಲ್ಲಿ. ಇಪ್ಪತ್ತರ ಪ್ರಾಯದ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಮಲಗಿಸಿ, ಅವರ ದೇಹಶಕ್ತಿಯನ್ನು ಅಳೆದರು. ಮೂವತ್ತು ವರ್ಷಗಳ ಮೇಲೆ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಮೂವತ್ತು ವರ್ಷಗಳ ಮುಪ್ಪು ಕಸಿದದ್ದಕ್ಕಿಂತ ಮೂರು ವಾರಗಳ ಹಾಸಿಗೆ ಹೆಚ್ಚು ಕಸಿದಿತ್ತೆಂದು ತಿಳಿದುಬಂತು. ತರುಣರಿಗೇ ಹೀಗಾದರೆ ಎಪ್ಪತ್ತು ದಾಟಿದ ನಮ್ಮ ಹಿರಿಯರ ಪಾಡೇನು?

ನಡಿಗೆ ಮಾಡುವ ಕೆಲಸ ಸರಳ. ಕಾಲಿನ ಸ್ನಾಯುಗಳು ಹಿಂಡಿದಾಗಲೆಲ್ಲ ರಕ್ತ ಮೇಲಕ್ಕೆ ಸಾಗುತ್ತದೆ. ಪಳಗಿದ ಸ್ನಾಯು ಪ್ರಾಣವಾಯುವನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಅದೇ ಕೆಲಸಕ್ಕೆ ಹೃದಯ ಕಡಿಮೆ ಬಾರಿ ಬಡಿದರೆ ಸಾಕಾಗುತ್ತದೆ. ಆದುದರಿಂದಲೇ ಇಂದು ತೊಡಕಿಲ್ಲದ ಹೃದಯಾಘಾತದ ರೋಗಿಯನ್ನು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲೇ ನಡೆಸುತ್ತಾರೆ.

ಆದರೂ ಅವಸರ ಸಲ್ಲದು. ಎಷ್ಟು ನಡೆಯಬೇಕೆಂಬುದನ್ನು ರೋಗಿಯನ್ನು ಬಲ್ಲ ವೈದ್ಯರೇ ನಿರ್ಧರಿಸಬೇಕು. ಅವರ ಅನುಮತಿ ದೊರೆತ ಮೇಲೆ ಕೆಲವೇ ನಿಮಿಷಗಳಿಂದ ಆರಂಭಿಸಿ ದಿನದಿನಕ್ಕೆ ಹೆಚ್ಚಿಸುವುದು ಕ್ರಮ. ನಡೆಯುತ್ತಲೇ ಮಾತನಾಡಲು ಸಾಧ್ಯವಾಗುವ ವೇಗ ಸಾಕು. ಎದೆನೋವು, ವಿಪರೀತ ಏದುಸಿರು, ತಲೆಸುತ್ತು ಕಂಡರೆ ಕೂಡಲೇ ನಿಲ್ಲಬೇಕು. ಶಮನವಾಗದಿದ್ದರೆ ತುರ್ತು ಚಿಕಿತ್ಸೆಗೆ ಧಾವಿಸಬೇಕು.

ಸಾವಿರಾರು ಮೈಲಿ ದೂರದಲ್ಲಿರುವ ನಾವು ತಂದೆತಾಯಿಯರ ಕೈಹಿಡಿದು ನಡೆಸಲಾರೆವು. ಆ ಅಸಹಾಯಕತೆಯೇ ದೂರವಾಣಿಯಲ್ಲಿ “ಏಳಬೇಡಿ, ಮಲಗಿರಿ” ಎಂಬ ಮಾತಾಗಿ ಹೊರಡುತ್ತದೆ. ಅವರ ವೈದ್ಯರು ಸಮ್ಮತಿಸಿದ್ದರೆ, ಮುಂದಿನ ಕರೆಯಲ್ಲಿ ಆ ಮಾತಿನ ಬದಲು “ಇಂದು ಎಲ್ಲಿಯವರೆಗೆ ನಡೆದಿರಿ?” ಎಂದು ಕೇಳೋಣ. ಗೇಟಿನವರೆಗೆ ಎಂದರೂ ಸಂತೋಷಪಡೋಣ.